ಮಾತು ಬಿಟ್ಟ ಮೂರು ದಿನ

ನಮ್ಮ ಮನೆಯಲ್ಲಿ ಈಗ ಯಾರೂ ಸುಮ್ಮನೆ ಕೂರುವ ಹಾಗಿಲ್ಲ. ಮಗಳು ಮುನಿಸಿಕೊಂಡು ಮುಖ ತಿರುಗಿಸಿ ಕೂತರೆ ಅವಳ ಮುಂದೆ ಹೋಗಿ ನಿಂತು, "ಬಯ್ಯೋದಿದ್ರೆ ಬಾಯ್ಬಿಟ್ಟು ಬಯ್ಯೇ" ಅನ್ನುತ್ತೇನೆ. ಗಂಡ ಪೇಪರ್ ಹಿಡಿದು ಅರ್ಧ ಗಂಟೆ ತುಟಿ ಬಿಚ್ಚದಿದ್ದರೆ, "ಎಲ್ಲಿ, ಎರಡೂ ಕೈ ಎತ್ತಿ" ಅನ್ನುತ್ತೇನೆ. ಮೊದಮೊದಲು ರೇಗುತ್ತಿದ್ದರು. ಈಗ ಪೇಪರ್ ಸಮೇತ ಎರಡೂ ಕೈ ಎತ್ತಿ, ಒಂದು ಸಲ ಹಲ್ಲು ಕಿರಿದು ತೋರಿಸಿ, ಮತ್ತೆ ಓದಲು ಶುರು ಮಾಡುತ್ತಾರೆ. ನೋಡಿದವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಮನೆಯಲ್ಲಿ ಮೌನ ಸ್ವಲ್ಪ ಹೆಚ್ಚಾದರೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಇದು ಅತ್ತೆ ಹೋದ ಮೇಲೆ ನನಗೆ ಅಂಟಿಕೊಂಡ ಕಾಯಿಲೆ.

ನಾನು ಗೌರಿಬಿದನೂರಿನ ಹುಡುಗಿ. ನಮ್ಮ ತವರಿನಲ್ಲಿ ಜಗಳವೆಂದರೆ ಬೀದಿಗೆಲ್ಲ ಕೇಳಬೇಕು, ಕೇಳಿದ ಮೇಲೆ ಮುಗಿಯಬೇಕು. ಜಂಗಮಕೋಟೆಗೆ ಸೊಸೆಯಾಗಿ ಬಂದಾಗ ಇಲ್ಲಿ ಬೇರೆಯೇ ಪದ್ಧತಿ ಇತ್ತು. ಅತ್ತೆ ಜಗಳವಾಡುತ್ತಿರಲಿಲ್ಲ, ಮಾತು ಬಿಡುತ್ತಿದ್ದರು. ಒಂದು ದಿನ, ಎರಡು ದಿನ, ತಪ್ಪು ದೊಡ್ಡದಾಗಿದ್ದರೆ ವಾರ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಆ ಲೆಕ್ಕಕ್ಕೆ ನಮ್ಮ ಮನೆಯಲ್ಲಿ ಬಂಗಾರಕ್ಕೆ ಬರವೇ ಇರಲಿಲ್ಲ.

ಆದರೆ ಆ ಮೌನಕ್ಕೂ ಒಂದು ಬಾಗಿಲಿತ್ತು. ಹಿತ್ತಲ ಕೊಟ್ಟಿಗೆಯಲ್ಲಿ ಒಂದು ಸೀಮೆ ಹಸು ಇತ್ತು. ಕೋಪ ಇಳಿಯುವ ಹೊತ್ತಿಗೆ ಅತ್ತೆ ಅದರ ಮುಂದೆ ನಿಂತು, ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದರು: "ಸಾರಿಗೆ ಉಪ್ಪೇ ಹಾಕಿಲ್ಲ ಕಣೇ. ಅದಕ್ಕಿಂತ ನಿನ್ ಬೂಸಾನೇ ವಾಸಿ." ನಾನು ಒಳಗಿನಿಂದಲೇ, "ಡಾಕ್ಟ್ರು ಉಪ್ಪು ಹಾಕ್ಬೇಡ ಅಂದವ್ರೆ ಅಂತ ಹೇಳೇ" ಅನ್ನಬೇಕು. ಅಲ್ಲಿಗೆ ರಾಜಿ. ಮುಂದಿನ ಕಾಫಿ ಲೋಟ ನನ್ನ ಕೈಯಿಂದ ಅವರ ಕೈಗೆ ಹೋಗುತ್ತಿತ್ತು. ಹಿರಿಯರು ಹಸುವಿಗೆ ಹೇಳುವುದು, ಕಿರಿಯರು ಹಸುವಿಗೆ ಉತ್ತರ ಕೊಡುವುದು, ಇದು ನಮ್ಮ ಮನೆಯ ಕಾನೂನು. ಅತ್ತೆಯ ತವರು ಚಿಂತಾಮಣಿ ಕಡೆ, ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. ಹಾಗಾಗಿ ನಮ್ಮ ಹಸುವಿಗೂ ಎರಡು ಭಾಷೆ ತಿಳಿಯುತ್ತಿತ್ತು.

ಅತ್ತೆಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಹಳೆಯವು. ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾಗಿ ಅಲ್ಲಿನ ಬೋರ್ಡುಗಳ ಬಣ್ಣ ಇನ್ನೂ ಹೊಸದಾಗಿದ್ದ ಕಾಲ. ಕಾಲು ಊದಿಕೊಂಡಿದೆ ಎಂದು ಅಲ್ಲಿನ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ರಕ್ತ ಪರೀಕ್ಷೆಯ ಚೀಟಿ ನೋಡಿ, ಎರಡು ಕಿಡ್ನಿಯೂ ಹೆಚ್ಚು ಕಡಿಮೆ ಮುಗಿದಿವೆ, ಬೆಂಗಳೂರಿಗೆ ಹೋಗಿ ಎಂದರು. ಅಲ್ಲಿಂದ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ. ಬೆಳಗಿನ ಮೊದಲ ಬಸ್ಸು ಹತ್ತಿ, ವಿಜಯಪುರ, ದೇವನಹಳ್ಳಿ ದಾಟಿ ಹೋಗಿ, ಸಂಜೆ ಒಣಗಿದ ಸೊಪ್ಪಿನ ಹಾಗೆ ಆಗಿ ಬರುತ್ತಿದ್ದರು. ಜೊತೆಗೆ ಹೋಗುತ್ತಿದ್ದವಳು ನಾನು. ನನ್ನ ಗಂಡ ಊರಿನ ಹಾಲಿನ ಡೈರಿಯ ಕಾರ್ಯದರ್ಶಿ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಅವರು ಅಲ್ಲಿರಲೇಬೇಕಿತ್ತು.

ಅತ್ತೆಯ ಎಡಗೈ ಮೊಣಕೈ ಹತ್ತಿರ ಡಯಾಲಿಸಿಸ್ ಸೂಜಿಗೆಂದು ನರ ಜೋಡಿಸಿ ದಾರಿ ಮಾಡಿದ್ದರು. ಅದರ ಮೇಲೆ ಬೆರಳಿಟ್ಟರೆ ಜುಂ ಎನ್ನುತ್ತಿತ್ತು. "ಇಟ್ಟು ನೋಡಮ್ಮ, ಒಳಗೆ ದುಂಬಿ ಕೂತದೆ" ಎಂದು ನನ್ನ ಬೆರಳು ಎಳೆದು ಇಡಿಸಿಕೊಳ್ಳುತ್ತಿದ್ದರು. ಆ ಕೈಯಲ್ಲಿ ಭಾರ ಎತ್ತಬಾರದು, ಬಿಪಿ ನೋಡಬಾರದು, ಬಿಗಿ ಬಳೆ ಹಾಕಬಾರದು. ನೀರು ದಿನಕ್ಕೆ ಇಷ್ಟೇ, ಮೀರಿದರೆ ಉಸಿರು ಕಟ್ಟುತ್ತದೆ ಎಂದು ಹೇಳಿದ್ದರು. ಎಳನೀರು, ಬಾಳೆಹಣ್ಣು, ಟೊಮೆಟೊ ಹತ್ತಿರ ಸುಳಿಯಬಾರದು. ತರಕಾರಿಯನ್ನು ಬೇಯಿಸಿ, ನೀರು ಬಸಿದು ಚೆಲ್ಲಿ, ಮತ್ತೆ ಒಗ್ಗರಣೆ ಹಾಕಬೇಕು. ನಾನು ಇದನ್ನೆಲ್ಲ ಪರೀಕ್ಷೆಗೆ ಓದಿದವಳ ಹಾಗೆ ಕಂಠಪಾಠ ಮಾಡಿದೆ. ಬೆಳಿಗ್ಗೆ ಒಂದು ಸ್ಟೀಲ್ ಚೊಂಬಿನಲ್ಲಿ ಅವತ್ತಿನ ನೀರು ಅಳೆದಿಡುತ್ತಿದ್ದೆ. ನನಗೆ ಇಡೀ ಕಾಯಿಲೆ ಅಂದರೆ ಆ ಚೊಂಬು. ನೀರು ಮೀರದಂತೆ ನೋಡಿಕೊಂಡರೆ ಅತ್ತೆ ಉಳಿಯುತ್ತಾರೆ ಎಂದು ನಂಬಿದ್ದೆ. ಸಾವು ಬಂದರೆ ಕಿಡ್ನಿಯ ಕಡೆಯಿಂದಲೇ ಬರುತ್ತದೆ ಎಂದು ಆ ಬಾಗಿಲಲ್ಲಿ ಕಾವಲು ಕೂತಿದ್ದೆ.

ಅತ್ತೆಗೆ ಬಾಯಾರಿಕೆ ಎಂಥದ್ದಿತ್ತೆಂದು ನಾನು ಯೋಚಿಸಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿದ್ದೆ. ಆದರೆ ಮರುಕ ತೋರಿಸಿದರೆ ಇನ್ನೊಂದು ಲೋಟ ಕೊಡಬೇಕಾಗುತ್ತದೆ ಎಂದು ಮುಖ ಗಂಟು ಹಾಕಿಕೊಂಡೇ ಇರುತ್ತಿದ್ದೆ. ಬಾಯಿ ಮುಕ್ಕಳಿಸುವ ನೆಪದಲ್ಲಿ ಒಂದು ಗುಟುಕು, ಮಾತ್ರೆ ಗಂಟಲಲ್ಲಿ ಸಿಕ್ಕಿಕೊಂಡಿತು ಎಂದು ಒಂದು ಗುಟುಕು, ಹೀಗೆ ಏನಾದರೂ ಹೂಡುತ್ತಿದ್ದರು. ನಾನು ಪೊಲೀಸಿನವಳ ಹಾಗೆ ಹಿಂದೆ ಮುಂದೆ ತಿರುಗುತ್ತಿದ್ದೆ.

ಆ ಭಾನುವಾರ ನಮ್ಮ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿದ್ದವು. ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಗೂಡು ಕಟ್ಟುವ ಮುಂಚಿನ ಕೊನೆಯ ಹಸಿವಿಗೆ ಬಂದಿದ್ದವು. ಆ ಒಂದು ವಾರ ಎಷ್ಟು ಸೊಪ್ಪು ಹಾಕಿದರೂ ಸಾಲದು. ಸೊಪ್ಪು ಕೊಯ್ಯಲು ಪಕ್ಕದ ಬೀದಿಯ ಇಬ್ಬರು ಹೆಂಗಸರು ಬಂದಿದ್ದರು. ಮೂವರೂ ತಲೆ ಮೇಲೆ ಹೊರೆ ಹೊತ್ತು ಹಿತ್ತಲಿಂದ ಬರುತ್ತಿರುವಾಗ, ಅತ್ತೆ ದನಕ್ಕೆ ನೀರು ಬಿಡುವ ತೊಟ್ಟಿಗೆ ಬಗ್ಗಿ ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದರು. ನನಗೆ ಎಲ್ಲಿತ್ತೋ ಸಿಟ್ಟು. ಹೊರೆ ಎತ್ತಿ ಬಿಸಾಡಿ, ಆ ಹೆಂಗಸರ ಮುಂದೆಯೇ ಅಂದೆ: "ನೋಡಿ ಇವರನ್ನ. ದನದ ತೊಟ್ಟೀಲಿ ಕದ್ದು ನೀರು ಕುಡೀತಾರೆ. ಉಸಿರು ಕಟ್ಟಿದ್ರೆ ಆಸ್ಪತ್ರೆಗೆ ಓಡೋಳು ನಾನು."

ಅತ್ತೆ ಬೊಗಸೆ ಬಿಟ್ಟರು. ನೀರು ಸೀರೆ ಮೇಲೆ ಚೆಲ್ಲಿತು. "ಮಂಕರೀಲಿ ಮಣ್ಣು ಹೊತ್ತು ಈ ಮನೆಗೆ ಬಾವಿ ತೋಡ್ದೋಳು ಕಣಮ್ಮ ನಾನು" ಅಂದರು. ದನಿ ಏರಿಸಲಿಲ್ಲ. "ನಾನು ಕಳ್ಳಿ ಆದ್ನಾ?" ಆ ಇಬ್ಬರು ಹೆಂಗಸರು ನೆಲ ನೋಡಿದರು. ಅತ್ತೆ ಒಳಗೆ ಹೋದರು, ಅಲ್ಲಿಂದ ನನ್ನ ಜೊತೆ ಮಾತು ಬಿಟ್ಟರು.

ಸೋಮವಾರ ಒಂದೂ ಮಾತಿಲ್ಲ. ಮಂಗಳವಾರ ಡಯಾಲಿಸಿಸ್‌ಗೆ ನನ್ನ ಜೊತೆ ಬರುವುದಿಲ್ಲ ಎಂದು ಮಗನಿಗೆ ಹೇಳಿದರಂತೆ. ಅವರು ಡೈರಿಯಲ್ಲಿ ಯಾರನ್ನೋ ಕೂರಿಸಿ ತಾವೇ ಕರೆದುಕೊಂಡು ಹೋದರು. ನನಗೂ ಛಲ. ಬಿಡುವಾದದ್ದು ನನಗೇ ಒಳ್ಳೆಯದಾಯಿತು, ಸೊಪ್ಪಿನ ಕೆಲಸ ಬೇಕಾದಷ್ಟಿದೆ ಎಂದುಕೊಂಡೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಕಟ್ಟಿದವರು ಅತ್ತೆ ಸೊಸೆಯರ ಜಗಳಕ್ಕೆ ಗಡುವು ಹಾಕುವುದನ್ನು ಮರೆತಿದ್ದರು.

ಅವತ್ತು ಇನ್ನೂ ಬಿಸಿಲಿರುವಾಗಲೇ ಇಬ್ಬರೂ ವಾಪಸ್ಸು ಬಂದರು. ಅತ್ತೆ ಸ್ವಲ್ಪ ಹೊತ್ತು ಮಲಗಿ, ಎದ್ದು ಕೊಟ್ಟಿಗೆಗೆ ಹೋದರು. ಹುಳು ಸಾಕುವ ಕೋಣೆ ಕೊಟ್ಟಿಗೆಯ ಗೋಡೆಗೆ ಅಂಟಿಕೊಂಡೇ ಇದೆ. ನಾನು ಒಳಗೆ ತಟ್ಟೆಗಳ ಮೇಲೆ ಸೊಪ್ಪು ಹರಡುತ್ತಿದ್ದೆ. ಗೋಡೆಯಾಚೆಯಿಂದ ಅವರ ದನಿ ಬಂತು.

"ಏನೇ, ಬೆಳಿಗ್ಗೆಯಿಂದ ಸೊಪ್ಪು ಕೊಯ್ದು ಕೊಯ್ದು ಒಬ್ಳೇ ಒದ್ದಾಡ್ತಾವ್ಳೆ. ಹೊಟ್ಟೆಗೆ ಏನಾದ್ರೂ ತಿಂದ್ಳೋ ಇಲ್ವೋ, ಕೇಳೇ."

ನನ್ನ ಕೈ ನಿಂತಿತು. ನಾನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಸೂಜಿ ಚುಚ್ಚಿಸಿಕೊಂಡು ಬಂದ ಮುದುಕಿ ನಾನು ಉಂಡೆನೋ ಇಲ್ಲವೋ ಎಂದು ಕೇಳುತ್ತಿದ್ದರು. "ತಿಂತಾಳಂತೆ ಅಂತ ಹೇಳೇ" ಅಂದಿದ್ದರೆ ಸಾಕಿತ್ತು. ಬಾಯಿಗೆ ಬಂದಿತ್ತು ಕೂಡ. ಅಷ್ಟರಲ್ಲಿ, ಆ ಇಬ್ಬರು ಹೆಂಗಸರು ಊರೆಲ್ಲ ಏನು ಹೇಳಿಕೊಂಡು ತಿರುಗುತ್ತಿರಬಹುದು ಎಂಬ ಯೋಚನೆ ಬಂತು. ತಪ್ಪು ಅವರದು, ಕೆಟ್ಟ ಹೆಸರು ನನಗೆ. ಇನ್ನೊಂದು ದಿನ ಕಾಯಲಿ ಎಂದುಕೊಂಡು ಸೊಪ್ಪು ಹರಡುವುದನ್ನು ಮುಂದುವರಿಸಿದೆ. ಗೋಡೆಯಾಚೆ ಅತ್ತೆ ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಅವರ ಹೆಜ್ಜೆ ದೂರವಾದದ್ದು ಕೇಳಿಸಿತು.

ಬುಧವಾರ ಬೆಳಿಗ್ಗೆ ಅವರು ಎದ್ದು ಬಂದು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಗಂಡ ಆಗಲೇ ಡೈರಿಗೆ ಹೋಗಿದ್ದರು. ನಾನು ಏಳು ಗಂಟೆಗೆ ಅರ್ಧ ಲೋಟ ಕಾಫಿ ತಂದು ಅವರ ಪಕ್ಕದಲ್ಲಿಟ್ಟೆ. ಎಡಗೈಯಲ್ಲಿ ತೆಗೆದುಕೊಂಡರು. ಲೋಟ ಅಲುಗಾಡಿ ಕಾಫಿ ಚೆಲ್ಲಿತು. ಆ ಕೈಗೆ ಕೆಲಸ ಕೊಡಬಾರದು ಎಂದು ದಿನಾ ಬಡಿದುಕೊಳ್ಳುತ್ತೇನೆ, ಬೇಕೆಂದೇ ಆ ಕೈಯಲ್ಲೇ ಹಿಡಿದರು ನೋಡು, ನನ್ನ ಮೇಲಿನ ಸಿಟ್ಟಿಗೆ, ಎಂದುಕೊಂಡೆ. ಬಲಗೈ ಮಡಿಲಲ್ಲಿ ಇತ್ತು. ನಾನು ಅದನ್ನು ನೋಡಿದೆ. ಅದು ಮಡಿಲಲ್ಲಿ ಇತ್ತು ಅಂತಷ್ಟೇ ನೋಡಿದೆ.

ಒಂಬತ್ತು ಗಂಟೆಗೆ ಎರಡು ಇಡ್ಲಿ ತಟ್ಟೆಗೆ ಹಾಕಿ ತಂದಿಟ್ಟೆ. ಅವರು ತಟ್ಟೆ ನೋಡಿದರು. ಆಮೇಲೆ ಎಡಗೈಯಲ್ಲಿ ಅದನ್ನು ಆಚೆಗೆ ತಳ್ಳಿದರು. ಅನ್ನದ ತಟ್ಟೆಯನ್ನು ಎಡಗೈಯಲ್ಲಿ ತಳ್ಳುವುದೆಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಭಿಕ್ಷುಕರಿಗೂ ಯಾರೂ ಹಾಗೆ ಮಾಡುವುದಿಲ್ಲ. ನನ್ನ ಮೈ ಉರಿದುಹೋಯಿತು. "ಬೇಡದಿದ್ರೆ ಬಿಡ್ಲಿ. ನನಗೇನು" ಎಂದು ಗೋಡೆಗೆ ಹೇಳಿ ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಆಮೇಲೆ ನಾಲ್ಕೈದು ಸಲವಾದರೂ ಅವರ ಮುಂದೆ ಓಡಾಡಿದ್ದೇನೆ. ಸೊಪ್ಪಿನ ಮಂಕರಿ ಹೊತ್ತು ಹೋಗುವಾಗ, ಬರುವಾಗ. ಒಂದು ಸಲ ಗಂಟಲಿಂದ ಏನೋ ಸದ್ದು ಬಂತು. ನಿಟ್ಟುಸಿರು ಬಿಟ್ಟು ತೋರಿಸುತ್ತಿದ್ದಾರೆ ಎಂದುಕೊಂಡೆ. ಅವರ ಕಣ್ಣು ಮಾತ್ರ ನಾನು ಹೋದಲ್ಲೆಲ್ಲ ನನ್ನ ಹಿಂದೆಯೇ ಬರುತ್ತಿತ್ತು. ಹಸು ಹಿತ್ತಲಲ್ಲಿ ಅಂಬಾ ಅಂತ ಅರಚುತ್ತಿತ್ತು. ಅತ್ತೆ ಅದಕ್ಕೂ ಓಗೊಡಲಿಲ್ಲ. ಹಸುವಿನ ಜೊತೆಗೂ ಮಾತು ಬಿಟ್ಟ ದಿನ ಅದೊಂದೇ. ಅದು ನನ್ನ ಗಮನಕ್ಕೆ ಬಂತು ಎನ್ನುವುದೇ ನನ್ನನ್ನು ಇವತ್ತಿಗೂ ತಿನ್ನುವುದು. ಬಂತು, ಆದರೆ ನಾನು ಅದನ್ನು ಹೇಗೆ ಓದಿಕೊಂಡೆ? ನಿನ್ನೆ ಉತ್ತರ ಕೊಡದಿದ್ದದ್ದು ನಾಟಿದೆ ಎಂದು. ಬರೆಯಲು ನಾಚಿಕೆಯಾಗುತ್ತದೆ, ಒಂದು ಕ್ಷಣ ಗೆದ್ದೆ ಅನ್ನಿಸಿತು.

ಮಧ್ಯಾಹ್ನ ಒಂದು ಗಂಟೆಗೆ ಗಂಡ ಊಟಕ್ಕೆ ಬಂದರು. ನನ್ನ ಮೇಲೆ ಎಷ್ಟೇ ಕೋಪವಿದ್ದರೂ ಮಗನ ಹತ್ತಿರ ದೂರು ಹೇಳುವುದನ್ನು ಅತ್ತೆ ಯಾವತ್ತೂ ತಪ್ಪಿಸಿದವರಲ್ಲ. "ಯಾಕಮ್ಮ, ಬಿಸಿಲಲ್ಲಿ ಕೂತಿದೀಯ?" ಎಂದು ಅವರು ಕೇಳುವುದು ನನಗೆ ಒಳಗೆ ಕೇಳಿಸಿತು. ದೂರಿಗೆ ಕಿವಿಗೊಟ್ಟೆ. ದೂರು ಬರಲಿಲ್ಲ. ಆಮೇಲೆ ಗಂಡನ ದನಿ ಬೇರೆಯಾಯಿತು. "ಅಮ್ಮ. ಅಮ್ಮ, ನನ್ನ ನೋಡು. ಬಾರೇ ಇಲ್ಲಿ, ಬಾಯಿ ಸೊಟ್ಟಗಾಗೈತೆ. ಲಕ್ವ ಹೊಡ್ದೈತೆ ಕಣೇ."

ಪಕ್ಕದ ಮನೆಯವರ ವ್ಯಾನಿನಲ್ಲಿ ಮಲಗಿಸಿಕೊಂಡು ಬೆಂಗಳೂರಿಗೆ ಹೋದೆವು. ತಲೆ ನನ್ನ ತೊಡೆಯ ಮೇಲಿತ್ತು. ಮೂರು ದಿನದ ಮೇಲೆ ನಾನು ಅವರನ್ನು ಮುಟ್ಟಿದ್ದೆ. ದಾರಿಯುದ್ದಕ್ಕೂ "ಅತ್ತೆ, ಅತ್ತೆ" ಎಂದು ಕರೆಯುತ್ತಲೇ ಇದ್ದೆ. ದೇವನಹಳ್ಳಿ ಬರುವಷ್ಟರಲ್ಲಿ ಕಣ್ಣು ಮುಚ್ಚಿದ್ದರು. ಎಡಗೈ ಮೇಲೆ ಬೆರಳಿಟ್ಟೆ. ಜುಂ ಎನ್ನುತ್ತಿತ್ತು. ನಾವು ಇಷ್ಟು ದಿನ ಕಾಪಾಡಿದ ಜಾಗ ಚೆನ್ನಾಗಿಯೇ ಇತ್ತು.

ಆಸ್ಪತ್ರೆಯಲ್ಲಿ ಒಬ್ಬ ಸಣ್ಣ ವಯಸ್ಸಿನ ಡಾಕ್ಟರಮ್ಮ ಓಡಿ ಬಂದರು. ರೆಪ್ಪೆ ಎತ್ತಿ ಟಾರ್ಚ್ ಬಿಟ್ಟು ನೋಡುತ್ತಲೇ ಕೇಳಿದರು: "ಇವರು ಕೊನೆ ಸಲ ಸರಿಯಾಗಿ ಮಾತಾಡಿದ್ದು ಯಾವಾಗ?"

ಗಂಡ ನನ್ನ ಕಡೆ ನೋಡಿದರು. ಮನೆಯಲ್ಲಿದ್ದವಳು ನಾನು ತಾನೆ? ವ್ಯಾನಿನವನೂ ನೋಡಿದ. ಒಂದೇ ಸೂರಿನ ಕೆಳಗೆ, ಒಂದೇ ಒಲೆಯ ಅಡುಗೆ ತಿನ್ನುವವರು, ಗೊತ್ತಿಲ್ಲ ಎಂದು ಹೇಳುವುದು ಹೇಗೆ? ನಾವು ಮಾತು ಬಿಟ್ಟಿದ್ದೆವು, ಅದಕ್ಕೆ ಮಾತು ನಿಂತದ್ದು ಗೊತ್ತಾಗಲಿಲ್ಲ ಎಂದು ಹೇಳುವುದು ಹೇಗೆ? "ಬೆಳಿಗ್ಗೆ ಹತ್ತು ಗಂಟೆಗೆ ಮಾತಾಡಿದ್ರು ಮೇಡಂ" ಅಂದೆ. ಅವರು ಅದನ್ನು ಬರೆದುಕೊಂಡರು. ನನ್ನ ಸುಳ್ಳಿನ ಪಕ್ಕದಲ್ಲಿ ಗಂಟೆ ನಮೂದಾಯಿತು.

ಸ್ಕ್ಯಾನ್ ಮಾಡಿದಾಗ ಮೆದುಳಿನೊಳಗೆ ರಕ್ತ ಸುರಿದಿದೆ ಎಂದು ತಿಳಿಯಿತು. ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು. ಕಿಡ್ನಿ ಇಷ್ಟು ಕೆಟ್ಟಿರುವವರಲ್ಲಿ ರಕ್ತನಾಳಗಳು ಮೈಯಲ್ಲೆಲ್ಲ ಸವೆದಿರುತ್ತವೆ, ತಲೆಯಲ್ಲೂ. ಬಿಪಿ ಒಂದು ಕಡೆ, ಸಕ್ಕರೆ ಒಂದು ಕಡೆ. ಲಕ್ವ ಬೇರೆಯವರಿಗಿಂತ ಇವರಿಗೆ ಹೆಚ್ಚಾಗಿ ಹೊಡೆಯುತ್ತದೆ, ಹೊಡೆದ ಮೇಲೆ ಉಳಿಯುವುದು ಕಷ್ಟ. ಬಾಯಿ ಸೊಟ್ಟಗಾಗಿದೆಯೇ, ಎರಡೂ ಕೈ ಮೇಲೇಳುತ್ತವೆಯೇ ಎಂದು ನೋಡಿದರೆ ಮನೆಯಲ್ಲೇ ಗೊತ್ತಾಗುತ್ತದೆ. "ಕಿಡ್ನಿ ಪೇಷೆಂಟ್ ಕಿಡ್ನಿಯಿಂದಲೇ ಹೋಗ್ತಾರೆ ಅಂತ ಮನೆಯವರು ಅಂದ್ಕೊಂಡಿರ್ತಾರೆ" ಅಂದರು. ನನಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ಮುಂಚೆ ಯಾರಾದರೂ ಹೇಳಿದ್ದರೋ ಏನೋ. ಹೇಳಿದ್ದರೂ ನಾನು ಚೊಂಬು ಅಳೆಯುತ್ತಾ ಕೇಳಿಸಿಕೊಂಡಿರಲಿಕ್ಕಿಲ್ಲ.

ಗಂಡ ಔಷಧಿ ತರಲು ಹೋದಾಗ ಡಾಕ್ಟರಮ್ಮನ ಹಿಂದೆ ಹೋಗಿ ಕೇಳಿದೆ: "ಮೇಡಂ, ಹತ್ತು ಗಂಟೆಗಲ್ಲ, ಏಳು ಗಂಟೆಗೇ ಆಗಿದ್ದು, ನಾವು ಆಗಲೇ ಕರ್ಕೊಂಡು ಬಂದಿದ್ರೆ?" ಅವರು ಚೀಟಿಯಲ್ಲಿ ಬರೆದಿದ್ದ ಗಂಟೆ ನೋಡಿದರು. "ಹೇಳಕ್ಕಾಗಲ್ಲಮ್ಮ" ಅಂದರು. ಉಳಿಯುತ್ತಿದ್ದರು ಎಂದಿದ್ದರೆ ಅತ್ತು ಮುಗಿಸಿಬಿಡುತ್ತಿದ್ದೆ. ಉಳಿಯುತ್ತಿರಲಿಲ್ಲ ಎಂದಿದ್ದರೆ ನಿದ್ದೆ ಮಾಡುತ್ತಿದ್ದೆ. ಈ ಒಂದು ಮಾತಿನ ಜೊತೆ ಇಷ್ಟು ವರ್ಷ ಬಾಳುವೆ ಮಾಡಿದ್ದೇನೆ.

ಆ ಸಂಜೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಗಂಡ ಕೇಳಿದರು: "ಹತ್ತು ಗಂಟೇಲಿ ಅಮ್ಮ ಏನಂದ್ಲೇ?"

ಸುಳ್ಳು ಹೇಳಿದವಳಿಗೆ ಇದು ಬರುತ್ತದೆ ಎಂದು ಹೊಳೆದಿರಬೇಕಿತ್ತು. ಹೊಳೆದಿರಲಿಲ್ಲ. ನನ್ನ ಹತ್ತಿರ ಅತ್ತೆಯ ಮಾತು ಅಂತ ಇದ್ದದ್ದು ಒಂದೇ, ಹಿಂದಿನ ದಿನ ಗೋಡೆಯಾಚೆಯಿಂದ ಬಂದದ್ದು. ಅದನ್ನೇ ತೆಗೆದು, ಅವಳು ಎಂಬಲ್ಲಿ ಅವನು ಎಂದು ಮಾಡಿ ಕೊಟ್ಟೆ. "ಅವನು ಹೊಟ್ಟೆಗೆ ಏನಾದ್ರೂ ತಿಂದ್ನೋ ಇಲ್ವೋ ಅಂತ ಕೇಳಿದ್ರು" ಅಂದೆ. ಅವರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ಅವತ್ತೇ ನಾನು ಮೊದಲು ನೋಡಿದ್ದು.

ಶನಿವಾರ ಬೆಳಿಗ್ಗೆ ಅತ್ತೆ ಹೋದರು. ಕಣ್ಣು ತೆರೆಯಲಿಲ್ಲ. ಆ ಮೂರು ದಿನ ನಾನು ಅವರ ಕಿವಿಯ ಹತ್ತಿರ ಬಾಯಿಟ್ಟು ಏನೇನೋ ಹೇಳಿದೆ. ನೀರು ಬೇಕಾದಷ್ಟು ಕುಡೀರಿ ಅಂದೆ, ತಪ್ಪಾಯಿತು ಅಂದೆ. ಕೇಳಿಸಿತೋ ಇಲ್ಲವೋ ನನಗೆ ತಿಳಿಯದು.

ತಿಥಿಯ ದಿನ ಚಿಂತಾಮಣಿಯಿಂದ ಬಂದ ನಾದಿನಿ, "ಅಮ್ಮ ಕೊನೇಲಿ ಏನಂದ್ಲು ಅತ್ತಿಗೆ?" ಎಂದು ನನ್ನ ಕೈ ಹಿಡಿದು ಕೇಳಿದಳು. ನಾನು ಬಾಯಿ ತೆರೆಯುವ ಮುಂಚೆ ಗಂಡನೇ ಹೇಳಿದರು. ನೆಂಟರೆಲ್ಲ ಕಣ್ಣೊರೆಸಿಕೊಂಡರು. ಸಾಯುವಾಗಲೂ ಮಗನ ಹೊಟ್ಟೆಯ ಚಿಂತೆ, ತಾಯಿ ಅಂದರೆ ಹಾಗೆ ಅಂದರು. ಅದು ಮನೆಯ ಕಥೆಯಾಯಿತು. ನನ್ನ ಮಗಳೂ ಶಾಲೆಯ ಪ್ರಬಂಧದಲ್ಲಿ ಅದನ್ನು ಬರೆದು ಚೆನ್ನಾಗಿದೆ ಅನ್ನಿಸಿಕೊಂಡು ಬಂದಳು. ಎಷ್ಟೋ ಸಲ ಗಂಡನಿಗೆ ನಿಜ ಹೇಳೋಣ ಎಂದು ಹೊರಟಿದ್ದೇನೆ. ಹೇಳಿದರೆ ನನ್ನ ತಪ್ಪು ಇಳಿಯಬಹುದು, ಆದರೆ ಅವರ ಹತ್ತಿರ ಇರುವ ತಾಯಿಯ ಕೊನೆಯ ಮಾತನ್ನು ಕಿತ್ತುಕೊಂಡಂತಾಗುತ್ತದೆ. ಆ ಮಾತು ನನ್ನದು, ನನಗಾಗಿ ಆಡಿದ್ದು. ಕೊಟ್ಟದ್ದನ್ನು ವಾಪಸ್ಸು ಕೇಳುವ ಧೈರ್ಯ ನನಗೆ ಬಂದಿಲ್ಲ.

ಹೋದ ವರ್ಷದ ತಿಥಿಯಲ್ಲೂ ಎಡೆ ಇಟ್ಟು, ಪೂಜೆ ಮುಗಿಸಿ, ಗಂಡ ಎಲೆಯ ಮುಂದೆ ಕೂತರು. ಮೊದಲ ತುತ್ತು ಕೈಯಲ್ಲಿ ಹಿಡಿದು, ಪ್ರತಿ ವರ್ಷ ಮಾಡುವಂತೆ ಫೋಟೋ ಕಡೆ ತಿರುಗಿ, "ತಿಂತಾ ಇದೀನಿ ಕಣಮ್ಮ" ಅಂದರು. ನಾನು ಸಾರಿನ ಪಾತ್ರೆ ಹಿಡಿದು ನಿಂತಿದ್ದೆ. ಅವರು ತಲೆ ಎತ್ತಿ ನನ್ನನ್ನು ನೋಡಿದರು.

"ಬೆಳಿಗ್ಗೆಯಿಂದ ಒಬ್ಳೇ ಒದ್ದಾಡ್ತಾ ಇದೀಯ. ಹೊಟ್ಟೆಗೆ ಏನಾದ್ರೂ ತಿಂದ್ಯೇನೇ?"

ಆಗಲೂ ನನ್ನಿಂದ ಉತ್ತರ ಹೊರಡಲಿಲ್ಲ.